ಕಾಣೆಯಾದ ಕೋಶಗಳು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನೆಲವನ್ನು ಇತಿಹಾಸದ ಪುಸ್ತಕಗಳು ರಾಯಚೂರು ದೋಆಬ್ ಎಂದು ಹೆಸರಿಸುತ್ತವೆ. ಅದರ ಮೂಡಣ ಭಾಗವನ್ನು ತೆಲುಗು ಜನ ನಡಿಗಡ್ಡ ಎನ್ನುತ್ತಾರೆ. ರಾಯಚೂರಿನಿಂದ ಗದ್ವಾಲಕ್ಕೆ ಹೊರಟ ರೈಲು ಎರಡು ರಾಜ್ಯಗಳ ನಡುವೆ ಸಾಗಿದರೂ ಈ ಎರಡು ನದಿಗಳಲ್ಲಿ ಒಂದನ್ನೂ ದಾಟುವುದಿಲ್ಲ. ನೆಲ ಒಂದೇ, ಗೆರೆ ಮಾತ್ರ ಹೊಸದು. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯವೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಮಹಬೂಬನಗರಕ್ಕೆ ಸೇರಿದವು. 2016ರಲ್ಲಿ ಜೋಗುಳಾಂಬ ಗದ್ವಾಲ ಎಂಬ ಹೊಸ ಜಿಲ್ಲೆಯಾದವು. ಆ ಜಿಲ್ಲೆಯ ಒಂದು ಮಂಡಲ ಕೇಂದ್ರ ಮಲ್ದಕಲ್. ಸ್ವಯಂಭೂ ತಿಮ್ಮಪ್ಪನ ಊರು.

ಆ ಊರಿನ ಒಂದು ಮನೆಯಲ್ಲಿ ಮಾತು ಕನ್ನಡ, ಓದು ತೆಲುಗು. ಅಜ್ಜಿಯ ತವರು ರಾಯಚೂರು ಸೀಮೆ; ಆಕೆ ಅಕ್ಷರ ಕಲಿತದ್ದು ಅಲ್ಲಿ, ಕನ್ನಡದಲ್ಲಿ. ಮಗ, ಸೊಸೆ, ಮೊಮ್ಮಗಳು ಎಲ್ಲರೂ ತೆಲುಗು ಶಾಲೆಯವರು. ಮೊಮ್ಮಗನೊಬ್ಬ ಮಾತ್ರ ಹಟ ಹಿಡಿದು ಕನ್ನಡ ಅಕ್ಷರಗಳನ್ನು ಅಜ್ಜಿಯ ಮಗ್ಗುಲಲ್ಲಿ ಕುಳಿತು ಕಲಿತ. ಈಗ ರಾಯಚೂರಿನಲ್ಲಿ ಐಚ್ಛಿಕ ಕನ್ನಡ ಓದುತ್ತಿದ್ದಾನೆ. ಪ್ರತಿ ಶನಿವಾರ ಸಂಜೆ ಊರಿಗೆ ಬರುತ್ತಾನೆ, ಸೋಮವಾರ ಬೆಳಗ್ಗೆ ಮರಳುತ್ತಾನೆ.

ಅಜ್ಜಿಯ ಬಳಿ ಒಂದು ಪುಸ್ತಕವಿದೆ. ರಕ್ಷಾಪುಟವಿಲ್ಲ, ಮೊದಲ ಹಲವು ಪುಟಗಳಿಲ್ಲ; ಹೀಗಾಗಿ ಅಚ್ಚು ಹಾಕಿದವರು ಯಾರು, ಯಾವ ವರ್ಷ ಎಂಬುದು ತಿಳಿಯದು. ಮೊಳೆ ಜೋಡಿಸಿ ಅಚ್ಚಾದ ದಾಸರ ಹಾಡುಗಳ ಸಂಗ್ರಹ. ಆ ಸೀಮೆಯಲ್ಲಿ ಇಂಥ ಪುಸ್ತಕ ಆಶ್ಚರ್ಯದ ವಸ್ತುವಲ್ಲ. ವಿಜಯದಾಸರು, ಜಗನ್ನಾಥದಾಸರು ಹುಟ್ಟಿದ ಜಿಲ್ಲೆಯ ನೆರೆಯದು. ಗೋಪಾಲದಾಸರು ಬಾಳಿದ ಉತ್ತನೂರು ಈಗ ಗೆರೆಯ ಆಚೆಗೆ, ಮಲ್ದಕಲ್ ಇರುವ ಜಿಲ್ಲೆಯಲ್ಲೇ ಇದೆ. ಹಾಡುಗಳು 1956ರ ಗೆರೆಯನ್ನು ಗಮನಿಸಲಿಲ್ಲ. ಶನಿವಾರ ಸಂಜೆ ಮನೆಯ ಹೆಂಗಸರು ಅವನ್ನು ಹಾಡುತ್ತಾರೆ. ಅಜ್ಜಿ ಪುಸ್ತಕ ನೋಡಿ ಒಂದು ಸಾಲು ಹೇಳಬೇಕು, ಉಳಿದವರು ಅನುಸರಿಸಬೇಕು. ಉಳಿದವರಿಗೆ ಹಾಡು ಅರ್ಥವಾಗುತ್ತದೆ, ಪುಟ ಅರ್ಥವಾಗುವುದಿಲ್ಲ.

ಕಳೆದ ವರ್ಷದಿಂದ ಅಜ್ಜಿಯ ಕಣ್ಣು ಮಂಜಾಯಿತು. ಪೊರೆ ತೆಗೆಸಿದರೂ ಸಣ್ಣ ಅಕ್ಷರ ಹತ್ತಲಿಲ್ಲ. ಪುಸ್ತಕವೂ ಮುಟ್ಟಿದರೆ ಅಂಚು ಉದುರುವ ಸ್ಥಿತಿಗೆ ಬಂದಿತ್ತು. ಆಕೆ ನೆನಪಿನಿಂದಲೇ ಹೇಳಿಕೊಡತೊಡಗಿದಳು. ಕೆಲವು ನುಡಿಗಳು ಜಾರಿದವು. ಹಾಡುಗಳು ಮೂರು ನುಡಿಗೆ, ಎರಡು ನುಡಿಗೆ ಮುಗಿಯತೊಡಗಿದವು. ಒಂದು ಶನಿವಾರ ತಂಗಿ ಅಣ್ಣನನ್ನು ಕೇಳಿದಳು: “ಅಣ್ಣಾ, ಇದನ್ನೆಲ್ಲ ತೆಲುಗು ಅಕ್ಷರದಾಗ ಬರದುಕೊಟ್ಟರ ನಾನೇ ಓದಿ ಹೇಳತೀನಲ್ಲ?”

ಕೈಯಲ್ಲಿ ಬರೆದರೆ ತಿಂಗಳುಗಳ ಕೆಲಸ. ಆದರೆ ಆತ ಒಂದು ಸಂಗತಿಯನ್ನು ಕೇಳಿಬಲ್ಲವನಾಗಿದ್ದ. ಯೂನಿಕೋಡ್ ಸಂಕೇತದಲ್ಲಿ ಭಾರತೀಯ ಲಿಪಿಗಳನ್ನು ಒಂದೇ ವರ್ಣಮಾಲೆಯ ಕ್ರಮದಲ್ಲಿ ಸಾಲುಸಾಲಾಗಿ ಇರಿಸಲಾಗಿದೆ. ತೆಲುಗಿನ ಸಾಲು ಮುಗಿದೊಡನೆ ಕನ್ನಡದ ಸಾಲು. ತೆಲುಗಿನ ಅಕಾರದ ಸಂಖ್ಯೆ 3077, ಕನ್ನಡದ ಅಕಾರದ್ದು 3205. ತೆಲುಗಿನ ಕಕಾರ 3093, ಕನ್ನಡದ ಕಕಾರ 3221. ಎಲ್ಲಿ ಕಳೆದರೂ ವ್ಯತ್ಯಾಸ 128. ಆದ್ದರಿಂದ ಕನ್ನಡ ಪಠ್ಯವೊಂದು ಗಣಕಯಂತ್ರದೊಳಗೆ ಅಕ್ಷರರೂಪದಲ್ಲಿ ಬಂದುಬಿಟ್ಟರೆ, ಪ್ರತಿ ಅಕ್ಷರದಿಂದ 128 ಕಳೆದರೆ ಸಾಕು, ಅದು ತೆಲುಗಾಗುತ್ತದೆ. ಒಂದು ಕಾಲದಲ್ಲಿ ಒಂದೇ ಆಗಿದ್ದು ಬೇರೆಯಾದ ಎರಡು ಲಿಪಿಗಳ ನಡುವಿನ ದೂರ ಒಂದು ಸಣ್ಣ ವ್ಯವಕಲನ.

ಉಳಿದದ್ದು ಪುಟದ ಚಿತ್ರವನ್ನು ಅಕ್ಷರವಾಗಿಸುವ ಕೆಲಸ. ಅದಕ್ಕೆ ಟೆಸರಾಕ್ಟ್ ಎಂಬ ತಂತ್ರಾಂಶವಿದೆ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾದದ್ದು, ಕನ್ನಡವನ್ನೂ ಓದಬಲ್ಲದು. ಆತನಲ್ಲಿದ್ದದ್ದು ಹಳೆಯ ಲ್ಯಾಪ್‌ಟಾಪು, ಅದರಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬ ಹಾಕಿಕೊಟ್ಟ ಉಬುಂಟು. ಮನೆಯೊಳಗೆ ಮೊಬೈಲಿನ ಸಂಕೇತ ದುರ್ಬಲ. ಆದ್ದರಿಂದ ರಾಯಚೂರಿನಲ್ಲಿ ಗೆಳೆಯನ ಗಣಕಯಂತ್ರದಿಂದ ತಂತ್ರಾಂಶದ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಊರಿಗೆ ಹೊರಟ. ಒಂದು ಕಡತ, ಒಂದು ಆಜ್ಞೆ, ಕೆಲಸ ಮುಗಿಯಿತು ಎಂಬುದು ಆತನ ಎಣಿಕೆ.

ಆ ರಾತ್ರಿ ಕಪ್ಪು ಪರದೆಯಲ್ಲಿ ಡಿಪಿಕೆಜಿ ಎಂಬ ಆಜ್ಞೆಯನ್ನು ಕೊಟ್ಟ. ಅದು ಕಡತವನ್ನು ಬಿಚ್ಚಿತು, ಆದರೆ ‘ಡಿಪೆಂಡೆನ್ಸಿ ಪ್ರಾಬ್ಲಮ್ಸ್’ ಎಂದು ದೂರಿ ಅರ್ಧಕ್ಕೆ ನಿಂತಿತು. ಆದರೂ ನೋಡೋಣವೆಂದು ತಂತ್ರಾಂಶವನ್ನು ಕರೆದ. ಉತ್ತರ ಒಂದೇ ಸಾಲು: ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’. ಕೆಳಗೆ, ಬೇಕಾದ ಕಡತದ ಹೆಸರು, ಅಂಥದ್ದು ಇಲ್ಲ ಎಂಬ ಷರಾ.

ಇಲ್ಲಿ ಲೈಬ್ರರಿ ಎಂದರೆ ಪುಸ್ತಕಗಳ ಮನೆಯಲ್ಲ. ಚಿತ್ರವನ್ನು ತೆರೆಯುವುದು, ಕುಗ್ಗಿದ ಮಾಹಿತಿಯನ್ನು ಬಿಡಿಸುವುದು, ಲೆಕ್ಕ ಮಾಡುವುದು ಮುಂತಾದ ಕೆಲಸಗಳು ಹಲವು ತಂತ್ರಾಂಶಗಳಿಗೆ ಬೇಕು. ಪ್ರತಿಯೊಬ್ಬರೂ ಅವನ್ನು ಮತ್ತೆ ಬರೆಯುವ ಬದಲು ಒಬ್ಬರು ಬರೆದಿಟ್ಟದ್ದನ್ನು ಎಲ್ಲರೂ ಬಳಸುತ್ತಾರೆ. ಕನ್ನಡದ ವಿದ್ಯಾರ್ಥಿಗೆ ಇದಕ್ಕೆ ಕೋಶ ಎಂಬ ಮಾತೇ ಹತ್ತಿರ. ಚಂಪೂಕವಿ ತನ್ನ ಕಾವ್ಯದ ಕೊನೆಯಲ್ಲಿ ನಿಘಂಟನ್ನು ಹೊಲಿದು ಕೊಡುವುದಿಲ್ಲ. ಅರ್ಥಕೋಶ, ವ್ಯಾಕರಣ, ಛಂದಸ್ಸು, ಭಾರತದ ಕಥೆ ಇವೆಲ್ಲ ಓದುಗನ ಮನೆಯಲ್ಲಿ ಮೊದಲೇ ಇವೆಯೆಂದು ನಂಬಿ ಬರೆಯುತ್ತಾನೆ. ಇಲ್ಲದಿದ್ದವನ ಮುಂದೆ ಕಾವ್ಯ ತೆರೆದಿದ್ದರೂ ತೆರೆಯುವುದಿಲ್ಲ. ಟೆಸರಾಕ್ಟ್ ಕೂಡ ಚಿತ್ರವನ್ನು ತಾನೇ ತೆರೆಯುವುದಿಲ್ಲ. ಲೆಪ್ಟೋನಿಕಾ ಎಂಬ ಕೋಶವನ್ನು ಅವಲಂಬಿಸಿದೆ. ಲೆಪ್ಟೋನಿಕಾ ತನ್ನ ಸರದಿಯಲ್ಲಿ ಬಗೆಬಗೆಯ ಚಿತ್ರಗಳಿಗೆ ಬಗೆಬಗೆಯ ಕೋಶಗಳನ್ನು ಅವಲಂಬಿಸಿದೆ.

ಎರಡನೆಯ ಶನಿವಾರ ಆತ ಲೆಪ್ಟೋನಿಕಾವನ್ನೂ ಟೆಸರಾಕ್ಟಿನ ಸ್ವಂತ ಕೋಶವನ್ನೂ ತಂದ. ಈಗ ದೂರು ಬೇರೆ: ಟಿಫ್ ಚಿತ್ರಗಳ ಕೋಶದ 6ನೆಯ ಆವೃತ್ತಿ ಕಾಣುತ್ತಿಲ್ಲ. ಎಲ್‌ಡಿಡಿ ಎಂಬ ಆಜ್ಞೆ ಒಂದು ತಂತ್ರಾಂಶಕ್ಕೆ ಬೇಕಾದ ಕೋಶಗಳನ್ನೆಲ್ಲ ಪಟ್ಟಿಮಾಡಿ, ಯಾವುದು ಎಲ್ಲಿದೆ, ಯಾವುದು ಇಲ್ಲ ಎಂಬುದನ್ನು ಎದುರಿಗೇ ಬರೆದು ತೋರಿಸುತ್ತದೆ. ಪಟ್ಟಿಯಲ್ಲಿ ‘ನಾಟ್ ಫೌಂಡ್’ ಎಂದಿದ್ದದ್ದು ಅದೊಂದೇ. ಆತನ ಯಂತ್ರದಲ್ಲಿ ಆ ಕೋಶದ 5ನೆಯ ಆವೃತ್ತಿ ಇತ್ತು. ಹೆಸರಿನ ಕೊನೆಯ ಅಂಕಿಯಷ್ಟೇ ವ್ಯತ್ಯಾಸವಲ್ಲವೇ ಎಂದುಕೊಂಡು, 5ಕ್ಕೆ 6 ಎಂಬ ಹುಸಿ ಹೆಸರಿನ ಕೊಂಡಿಯೊಂದನ್ನು ಮಾಡಿಟ್ಟ. ಆ ಅಂಕಿ ಅಲಂಕಾರಕ್ಕಾಗಿ ಇರುವುದಲ್ಲ. ಕೋಶವನ್ನು ಬರೆದವರು ಹಳೆಯ ತಂತ್ರಾಂಶಗಳಿಗೆ ಒಗ್ಗದಂಥ ಬದಲಾವಣೆ ಮಾಡಿದಾಗ ಮಾತ್ರ ಅದನ್ನು ಬದಲಿಸುತ್ತಾರೆ. ಇದು ಆ ಹಳೆಯದಲ್ಲ ಎಂಬ ಎಚ್ಚರಿಕೆ ಅದರಲ್ಲಿರುತ್ತದೆ. ಯಂತ್ರ ಹುಸಿ ಹೆಸರನ್ನು ಒಪ್ಪಿ ಒಂದು ಹೆಜ್ಜೆ ಮುಂದೆ ಹೋಗಿ, ಇನ್ನೂ ಕೆಟ್ಟ ಜಾಗದಲ್ಲಿ ನಿಂತಿತು. ಈ ಬಾರಿ ಅದು ಕೇಳಿದ್ದು ಸಿ ಭಾಷೆಯ ಮೂಲಕೋಶದ 2.38ನೆಯ ಆವೃತ್ತಿಯನ್ನು. ಆತನಲ್ಲಿದ್ದದ್ದು 2.35.

ಮೂಲಕೋಶವೆಂದರೆ ಆ ಯಂತ್ರದ ಹೆಚ್ಚುಕಡಿಮೆ ಎಲ್ಲ ತಂತ್ರಾಂಶಗಳೂ ಒರಗಿ ನಿಂತ ಕಂಬ. ಅದನ್ನೂ ಪೆನ್‌ಡ್ರೈವಿನಲ್ಲಿ ತಂದು ಹಾಕಿಬಿಡಬೇಕೆಂದು ಆತ ಒಂದು ವಾರ ಯೋಚಿಸಿದ. ಹಾಗೆ ಮಾಡಿದ್ದರೆ ಆಜ್ಞೆ ಬರೆಯುವ ಪರದೆಯೂ ತೆರೆಯದೆ ಹೋಗಬಹುದಿತ್ತು. ಉಳಿಸಿದ್ದು ಗೆಳೆಯನ ಒಂದು ಪ್ರಶ್ನೆ: “ನಿನ್ನ ಉಬುಂಟು ಯಾವ ವರ್ಷದ್ದು?” ಗೆಳೆಯನದು 2024ರ ಬಿಡುಗಡೆ, ಆತನದು 2022ರದು. ಮೂರು ವಾರಗಳಿಂದ ಒಂದೊಂದಾಗಿ ಹೊತ್ತು ತಂದದ್ದೆಲ್ಲ ಬೇರೊಂದು ಮನೆಗಾಗಿ ಕಟೆದ ಬಾಗಿಲುಗಳಾಗಿದ್ದವು. ಬಾಗಿಲಿನಲ್ಲಿ ದೋಷವಿರಲಿಲ್ಲ, ಮನೆಯಲ್ಲಿಯೂ ಇರಲಿಲ್ಲ; ಅಳತೆ ಕೂಡಿರಲಿಲ್ಲ.

ಮೂರನೆಯ ಶನಿವಾರ ಆತ ಬರಿಗೈಯಲ್ಲಿ ಬಂದ. ರಾತ್ರಿ ಮಾಳಿಗೆ ಹತ್ತಿ, ಸಂಕೇತ ಹತ್ತುವ ಮೂಲೆ ಹುಡುಕಿ, ಮೊಬೈಲಿನಿಂದ ಲ್ಯಾಪ್‌ಟಾಪಿಗೆ ಜಾಲಸಂಪರ್ಕ ಕೊಟ್ಟ. ಮೊದಲು ತಾನು ಮಾಡಿದ್ದ ಹುಸಿ ಕೊಂಡಿಯನ್ನು ಅಳಿಸಿದ. ಬಳಿಕ ಆಪ್ಟ್ ಎಂಬ ವ್ಯವಸ್ಥಾಪಕನಿಗೆ ‘ಫಿಕ್ಸ್ ಬ್ರೋಕನ್’ ಎಂದು ಆಜ್ಞಾಪಿಸಿದ: ಮುರಿದದ್ದನ್ನು ಸರಿಪಡಿಸು. ಅದು ಲೆಕ್ಕಹಾಕಿ ಕೊಟ್ಟ ಪರಿಹಾರ ಆತ ನಿರೀಕ್ಷಿಸಿದ್ದಲ್ಲ. ಇಲ್ಲದ್ದನ್ನು ತರುವ ಮಾತಿಲ್ಲ. ಮೂರು ವಾರಗಳಿಂದ ತಂದದ್ದನ್ನೆಲ್ಲ ತೆಗೆದುಹಾಕುತ್ತೇನೆ, ಒಪ್ಪಿಗೆಯೇ ಎಂದು ಕೇಳುತ್ತಿತ್ತು. ಆ ಕಡತಗಳು ಬಯಸುವ ಆವೃತ್ತಿಗಳು ಈ ಯಂತ್ರದ ಭಂಡಾರದಲ್ಲಿ ಇಲ್ಲವೇ ಇಲ್ಲ. ಹೀಗಿರುವಾಗ ತೆಗೆಯುವುದೇ ದುರಸ್ತಿ. ಆತ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ‘ವೈ’ ಎಂಬ ಅಕ್ಷರ ಒತ್ತಿದ. ಮತ್ತೆ ಭಂಡಾರದ ಪಟ್ಟಿಯನ್ನು ಹೊಸದಾಗಿ ತರಿಸಿ, ಟೆಸರಾಕ್ಟನ್ನು ಹೆಸರು ಹೇಳಿ ಕೇಳಿದ. ಈಗ ಆಪ್ಟ್ ತಾನೇ ಪಟ್ಟಿ ಓದಿತು: ಇದಕ್ಕೆ ಇದು ಬೇಕು, ಅದಕ್ಕೆ ಅದು ಬೇಕು. ಎಲ್ಲವೂ ಒಂದೇ ಬಿಡುಗಡೆಯವು, ಒಂದೇ ಅಳತೆಯವು. ಆತ ಮೂರು ವಾರ ಹೊತ್ತದ್ದನ್ನು ಅದು ಕೆಲವು ನಿಮಿಷಗಳಲ್ಲಿ ತಂದು ಜೋಡಿಸಿತು.

ಮೊಬೈಲಿನಲ್ಲಿ ತೆಗೆದ ಮೊದಲ ಪುಟದ ಚಿತ್ರವನ್ನು ಓದಲು ಕೊಟ್ಟ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಆವರಣಚಿಹ್ನೆಗಳೂ ರಾಶಿಬಿದ್ದವು. ಭಾಷೆ ಹೇಳದಿದ್ದರೆ ಆ ತಂತ್ರಾಂಶ ಎಲ್ಲವನ್ನೂ ಇಂಗ್ಲಿಷೆಂದೇ ಭಾವಿಸುತ್ತದೆ. ತಿಮ್ಮಪ್ಪನ ಸ್ತುತಿಯಲ್ಲಿ ಅದು ಕಂಡಷ್ಟು ಇಂಗ್ಲಿಷನ್ನು ಕಂಡಿತ್ತು. ಕನ್ನಡದಲ್ಲಿ ಓದು ಎಂದಾಗ, ಕನ್ನಡದ ದತ್ತಾಂಶವೇ ಇಲ್ಲ ಎಂದಿತು. ಟೆಸರಾಕ್ಟಿನ ಪೊಟ್ಟಣ ಇಂಗ್ಲಿಷಿನ ದತ್ತಾಂಶವನ್ನು ತನ್ನ ಅವಲಂಬನೆಯೆಂದು ಘೋಷಿಸಿಕೊಂಡಿದೆ, ಅದು ಕೇಳದೆಯೂ ಬರುತ್ತದೆ. ಕನ್ನಡದ್ದು ಭಂಡಾರದಲ್ಲಿದೆ, ಉಚಿತವಾಗಿದೆ, ಚೆನ್ನಾಗಿಯೂ ಇದೆ. ಆದರೆ ಹೆಸರು ಹೇಳಿ ಕೇಳಿದವರಿಗೆ ಮಾತ್ರ. ಆತ ಕೇಳಿದ. ಬಂತು.

ಎರಡನೆಯ ಬಾರಿಗೆ ಪರದೆಯ ಮೇಲೆ ಕನ್ನಡ ಮೂಡಿದಾಗ ನಡುರಾತ್ರಿ ಮೀರಿತ್ತು. ಎಬ್ಬಿಸಿ ತೋರಿಸಬೇಕೆಂಬ ಆಸೆಯನ್ನು ತಡೆದುಕೊಂಡು ಆತ ಓದತೊಡಗಿದ. ಓದುತ್ತ ಹೋದಂತೆ ಸಂತೋಷ ತಗ್ಗಿತು. ಸವೆದ ಮೊಳೆಯ ಮಹಾಪ್ರಾಣದ ಸೀಳು ಹಲವೆಡೆ ಮಾಯವಾಗಿ ಧಕಾರ ದಕಾರವಾಗಿತ್ತು, ಭಕಾರ ಬಕಾರವಾಗಿತ್ತು. ಒತ್ತಕ್ಷರಗಳು ಕೆಳಗಿನ ಸಾಲಿಗೆ ಜಾರಿದ್ದವು. ಅಂಚು ಉದುರಿದಲ್ಲಿ ಪದಗಳೇ ಇರಲಿಲ್ಲ. ಗ್ರಂಥಸಂಪಾದನೆಯ ತರಗತಿಯಲ್ಲಿ ಲಿಪಿಕಾರನ ಸ್ಖಾಲಿತ್ಯಗಳೆಂದು ಆತ ಬರೆದುಕೊಂಡಿದ್ದ ಪಟ್ಟಿ ನೆನಪಾಯಿತು: ಅಕ್ಷರಸಾಮ್ಯದಿಂದಾದ ದೋಷ, ಲೋಪ, ಪುನರುಕ್ತಿ, ಸ್ಥಾನಪಲ್ಲಟ. ಓಲೆಯ ಮುಂದೆ ಕುಳಿತ ಮನುಷ್ಯ ಮಾಡಿದ್ದ ತಪ್ಪುಗಳನ್ನೇ ಯಂತ್ರವೂ ಮಾಡಿತ್ತು. ಮನುಷ್ಯ ಅರ್ಥ ಹೊಳೆದು ಕೆಲವೆಡೆ ತಾನಾಗಿ ತಿದ್ದಿಬಿಡುತ್ತಿದ್ದ. ಯಂತ್ರಕ್ಕೆ ಆ ಸ್ವಾತಂತ್ರ್ಯವೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಆತ ಅಜ್ಜಿಯ ಮುಂದೆ ಲ್ಯಾಪ್‌ಟಾಪನ್ನು ಇಟ್ಟುಕೊಂಡು ಕುಳಿತ. ಆಕೆಗೆ ಪರದೆ ಕಾಣುವುದಿಲ್ಲ. ಆತ ಓದಿದ, ಆಕೆ ಕೇಳಿದಳು. ಎರಡನೆಯ ಸಾಲಿಗೇ ಕೈಯೆತ್ತಿದಳು. “ಹಂಗಲ್ಲ ತಮ್ಮಾ. ಅಲ್ಲಿ ಒತ್ತು ಅದ. ಒತ್ತಿಲ್ಲದ ಹೇಳಿದರ ತಾಳ ಕುಂಟತದ.” ಆತ ಪುಟವನ್ನು ಬೆಳಕಿಗೆ ಹಿಡಿದು ನೋಡಿದ. ಒತ್ತು ಇತ್ತು, ಮಸಿ ತೆಳುವಾಗಿತ್ತು. ಅಂಚು ಉದುರಿದ ಕಡೆ ಆಕೆ ಇಡೀ ಪದವನ್ನೇ ಹೇಳಿದಳು. ನೆನಪಿನಿಂದ ಹಾಡುವಾಗ ಜಾರುತ್ತಿದ್ದ ನುಡಿಗಳು, ಮೊದಲ ಪದ ಕಿವಿಗೆ ಬಿದ್ದೊಡನೆ ತಾವಾಗಿ ಬರುತ್ತಿದ್ದವು. ಆಕೆಯ ನೆನಪಿಗೆ ಪುಸ್ತಕ ಬೇಕಾಗಿತ್ತು, ಪುಸ್ತಕಕ್ಕೆ ಆಕೆಯ ನೆನಪು. ಆವೃತ್ತಿಯ ಅಂಕಿಯಿಲ್ಲದ, ಯಾವ ಭಂಡಾರದಲ್ಲಿಯೂ ಇರಿಸದ ಕೋಶವೊಂದು ಮೂರು ವಾರಗಳಿಂದ ಅದೇ ಪಡಸಾಲೆಯಲ್ಲಿ ಕುಳಿತು, ಹುಡುಗ ರಾತ್ರಿಯೆಲ್ಲ ಏನು ಮಾಡುತ್ತಾನೋ ಎಂದು ಚಿಂತಿಸುತ್ತಿತ್ತು.

ಒಂದು ಕಡೆ ತೊಡಕಾಯಿತು. ಯಂತ್ರ ಸರಿಯಾಗಿ ಓದಿತ್ತು, ಪುಟದಲ್ಲಿ ಅಕ್ಷರವೂ ಸ್ಪಷ್ಟವಾಗಿತ್ತು. ಆದರೆ ಅಜ್ಜಿ ಒಪ್ಪಲಿಲ್ಲ. “ಪುಸ್ತಕದಾಗ ತಪ್ಪದ. ನಮ್ಮವ್ವ ಹೇಳಿಕೊಟ್ಟದ್ದು ಹಿಂಗಲ್ಲ.” ಆತ ಅಚ್ಚಿನ ಮಾತನ್ನು ಮತ್ತೆ ಓದಿದ. ಆಕೆಯೂ ತನ್ನ ಮಾತನ್ನು ಮತ್ತೆ ಹೇಳಿದಳು. ಎರಡಕ್ಕೂ ಅರ್ಥವಿತ್ತು, ಎರಡೂ ಛಂದಸ್ಸಿಗೆ ಹೊಂದುತ್ತಿದ್ದವು. ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಲು ಕೈ ಬರಲಿಲ್ಲ. ಎರಡು ವಾರಗಳ ಹಿಂದೆ 5ನ್ನು 6 ಎಂದು ಕರೆದಿದ್ದ ನೆನಪು ಇನ್ನೂ ಹಸಿಯಾಗಿತ್ತು. ಇರುವುದನ್ನು ಇರುವ ಹೆಸರಿನಿಂದಲೇ ಇರಿಸಬೇಕು. ಅಚ್ಚಿನ ಪಾಠವನ್ನು ಮೇಲೆ ಬಿಟ್ಟು, ಅಜ್ಜಿಯ ಪಾಠವನ್ನು ಪಾಠಾಂತರವೆಂದು ಅಡಿಯಲ್ಲಿ ಬರೆದ.

ಹೀಗೆ ಒಂದೊಂದು ಭಾನುವಾರಕ್ಕೆ ಐದಾರು ಪುಟಗಳು ಮುಗಿದವು. ತಿದ್ದಿದ ಪುಟಗಳಿಂದ 128 ಕಳೆಯುವ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿತ್ತು. ಅರ್ಕಾವೊತ್ತಿನ ಬಗೆಗೆ ಆತನಿಗೆ ಅಳುಕಿತ್ತು. ಕನ್ನಡದಲ್ಲಿ ಅದು ವ್ಯಂಜನದ ಬಲಕ್ಕೆ ಬರುತ್ತದೆ, ಇಂದಿನ ತೆಲುಗಿನಲ್ಲಿ ರೇಫವನ್ನು ಮೊದಲು ಬರೆಯುತ್ತಾರೆ. ಆದರೆ ಸಂಕೇತದಲ್ಲಿ ಎರಡು ಲಿಪಿಗಳಲ್ಲಿಯೂ ಉಚ್ಚಾರಣೆಯ ಕ್ರಮವೇ ಇರುತ್ತದೆ. ಕಾಣುವ ರೂಪವನ್ನು ಅಚ್ಚುಮೊಗದ ಕಡತ ನೋಡಿಕೊಳ್ಳುತ್ತದೆ. ತಿದ್ದುವಂಥದ್ದೇನೂ ಇರಲಿಲ್ಲ.

ಆತ ಮೊದಲ ಹತ್ತು ಹಾಡುಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿ ತಂದ. ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು. ಆ ಶನಿವಾರ ಸಂಜೆ ಸಾಲು ಹೇಳಿಕೊಟ್ಟವಳು ತಂಗಿ. ಅಜ್ಜಿ ಗೋಡೆಗೊರಗಿ ಅನುಸರಿಸಿದಳು. ಹಾಡು ಐದೂ ನುಡಿಗಳನ್ನು ಮುಗಿಸಿ ಅಂಕಿತಕ್ಕೆ ಬಂದು ನಿಂತಿತು. ಮಂಗಳಾರತಿಯ ಬಳಿಕ ಅಜ್ಜಿ ಹಾಳೆಯನ್ನು ಕೈಗೆ ತೆಗೆದುಕೊಂಡು, ಓದಲಾಗದಿದ್ದರೂ ಬೆರಳಿನಿಂದ ತಡವಿ, “ಯಾವ ಕಡೀದು ನನ್ನದು?” ಎಂದು ಕೇಳಿದಳು. ತಂಗಿ ಆಕೆಯ ಬೆರಳನ್ನು ಎಡಗಡೆಯ ಸಾಲಿನ ಮೇಲೆ ಇಟ್ಟಳು. ಬಳಿಕ ತಾನೂ ಆ ಸಾಲನ್ನು ನೋಡುತ್ತ ಕುಳಿತಳು. ಅರ್ಧಕ್ಕಿಂತ ಹೆಚ್ಚು ಅಕ್ಷರಗಳು ಬಲಗಡೆಯವನ್ನೇ ಹೋಲುತ್ತಿದ್ದವು. ತಲೆಕಟ್ಟು ಬೇರೆ, ಒಡಲು ಅದೇ. “ಅಣ್ಣಾ, ಇದು ತಕಾರ ಹೌದಲ್ಲ?” ಎಂದಳು. ಹೌದಾಗಿತ್ತು.

ಪುಸ್ತಕದಲ್ಲಿ ಇನ್ನೂ ಬಹಳ ಹಾಡುಗಳು ಉಳಿದಿವೆ. ಮಳೆಗಾಲದ ತೇವಕ್ಕೆ ಮುನ್ನ ಪುಟಗಳ ಚಿತ್ರ ತೆಗೆಯುವುದನ್ನಾದರೂ ಮುಗಿಸಬೇಕೆಂಬುದು ಆತನ ಅವಸರ. ಅಜ್ಜಿಯ ವಯಸ್ಸಿನ ಅವಸರದ ಬಗೆಗೆ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ಗ್ರಂಥಸಂಪಾದನೆಯ ಪದ್ಧತಿಯಂತೆ ಆಕರಗಳಿಗೆಲ್ಲ ಸಂಕೇತಾಕ್ಷರ ಕೊಡಬೇಕು. ಹಾಳೆಗಳ ಮೊದಲ ಪುಟದಲ್ಲಿ ಆತ ಎರಡು ಸಾಲು ಬರೆದಿದ್ದಾನೆ. ‘ಮು’ ಎಂದರೆ ಮುದ್ರಿತ ಪ್ರತಿ, ಆದ್ಯಂತ ಲುಪ್ತ. ‘ಅ’ ಎಂದರೆ ಅಜ್ಜಿ, ಮಲ್ದಕಲ್.